ಶುಗರ್ ಇರೋರು ರೆಟಿನಾ ತೋರಿಸೋದು ಹೇಗೆ, ರಿಪೋರ್ಟ್ ಅರ್ಥ ಮಾಡ್ಕೊಳೋದು ಹೇಗೆ, ಲೇಸರ್ ಇಂಜೆಕ್ಷನ್ ಅಂದಾಗ ಏನು ಕೇಳ್ಬೇಕು

ಟೈಪ್ 2 ಶುಗರ್ ಅಂತ ಗೊತ್ತಾದ್ರೆ ಅದೇ ತಿಂಗಳು ಒಂದ್ಸಲ ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯೋ ಪದರ) ತೋರಿಸಿ, ಕಣ್ಣು ಮಂಜಾಗೋವರೆಗೂ ಕಾಯಬೇಡಿ. ಟೈಪ್ 2 ಶುರುವಾಗಿ ಎಷ್ಟೋ ವರ್ಷ ಆದ್ಮೇಲೆ ನಮಗೆ ಗೊತ್ತಾಗೋದು, ಅಷ್ಟರಲ್ಲಿ ಕಣ್ಣಿನ ಒಳಗಡೆ ರಕ್ತನಾಳ ಸೋರೋಕೆ ಶುರು ಆಗಿರಬಹುದು. ಟೈಪ್ 1 ಆದ್ರೆ ಶುರುವಾದ 5 ವರ್ಷದೊಳಗೆ ತೋರಿಸಿ, ಆಮೇಲೆ ವರ್ಷಕ್ಕೊಂದ್ಸಲ. ಮೊದಲೇ ಶುಗರ್ ಇದ್ದು ಬಸುರಿ ಆದೋರು ಮೊದಲ ಮೂರು ತಿಂಗಳಲ್ಲೇ ತೋರಿಸ್ಬೇಕು, ಯಾಕಂದ್ರೆ ಬಸುರಿಯಲ್ಲಿ ರೆಟಿನೋಪತಿ, ಅಂದ್ರೆ ಶುಗರ್‌ನಿಂದ ರೆಟಿನಾದ ರಕ್ತನಾಳ ಹಾಳಾಗೋದು, ಬೇಗ ಜಾಸ್ತಿ ಆಗೋದುಂಟು.

ನಾನು ಆಪ್ಟೋಮೆಟ್ರಿಸ್ಟ್, ಅಂದ್ರೆ ಕಣ್ಣು ಪರೀಕ್ಷೆ ಮಾಡೋಳು, ರೆಟಿನಾ ವಿಭಾಗದಲ್ಲಿ ಕೆಲಸ. ದಿನಾ ಕೇಳಿಸೋ ಮಾತು ಒಂದೇ, "ಮೊನ್ನೆವರೆಗೂ ಪೇಪರ್ ಓದ್ತಿದ್ದೆ ಮೇಡಂ, ಇದ್ದಕ್ಕಿದ್ದಂಗೆ ಹಿಂಗಾಯ್ತು". ಇದ್ದಕ್ಕಿದ್ದಂಗೆ ಆಗಿರಲ್ಲ. ಪೇಪರ್ ಓದೋಕೆ, ಮುಖ ಗುರುತಿಸೋಕೆ, ಸೂಜಿಗೆ ದಾರ ಪೋಣಿಸೋಕೆ ಬೇಕಾಗಿರೋದು ರೆಟಿನಾದ ನಟ್ಟನಡುವೆ ಇರೋ ಮ್ಯಾಕುಲಾ ಅನ್ನೋ ಸಣ್ಣ ಜಾಗ, ಅದು ಸರಿ ಇರೋವರೆಗೂ ಸುತ್ತ ಎಷ್ಟೇ ಹಾಳಾಗಿದ್ರೂ ಬೋರ್ಡ್ ಮೇಲಿನ ಕೊನೇ ಸಾಲು ಓದ್ತೀರ. ಅದಕ್ಕೆ ಕನ್ನಡಕದ ಅಂಗಡೀಲಿ ನಂಬರ್ ಚೆಕ್ ಮಾಡಿಸಿದ್ದು ರೆಟಿನಾ ಚೆಕಪ್ ಅಲ್ಲವೇ ಅಲ್ಲ. ಪೊರೆ ಇರ್ಬೇಕು, ಬಲಿತ ಮೇಲೆ ತೆಗೆಸೋಣ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಎರಡು ವರ್ಷ ತಳ್ಳೋದು ಇನ್ನೂ ಕೆಟ್ಟದ್ದು. 2022ರಲ್ಲಿ ಪ್ರಕಟವಾದ ಸ್ಮಾರ್ಟ್ ಇಂಡಿಯಾ ಅಧ್ಯಯನದಲ್ಲಿ ನಮ್ಮ ದೇಶದ 40 ದಾಟಿದ ಶುಗರ್ ಇರೋರಲ್ಲಿ 12.5% ಜನಕ್ಕೆ ರೆಟಿನೋಪತಿ, 4% ಜನಕ್ಕೆ ದೃಷ್ಟಿ ಕಳೆಯೋ ಹಂತದ್ದು ಸಿಕ್ತು. ಎಂಟು ಜನರಲ್ಲಿ ಒಬ್ಬರು ಅಂತ ಲೆಕ್ಕ ಹಾಕ್ಕೊಳ್ಳಿ.

ಚೆಕಪ್‌ಗೆ ಹೋಗೋ ದಿನ ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗಿ, ಗಾಡಿ ನೀವು ಓಡಿಸ್ಕೊಂಡು ಹೋಗ್ಬೇಡಿ. ಪಾಪೆ ದೊಡ್ಡದಾಗೋಕೆ ಡ್ರಾಪ್ಸ್ ಹಾಕಿ ಅರ್ಧ ಮುಕ್ಕಾಲು ಗಂಟೆ ಕೂರಿಸ್ತಾರೆ, ಆಮೇಲೆ ನಾಲ್ಕೈದು ಗಂಟೆ ಹತ್ರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚತ್ತೆ. ತಂಪು ಕನ್ನಡಕ ಇದ್ರೆ ತಗೊಂಡು ಹೋಗಿ. ತಿಂಡಿ ತಿಂದೇ ಹೋಗಿ, ಶುಗರ್ ಮಾತ್ರೆ ಬಿಪಿ ಮಾತ್ರೆ ಎಂದಿನ ಹಾಗೇ ತಗೊಳ್ಳಿ, ಎಷ್ಟೋ ಜನ ಖಾಲಿ ಹೊಟ್ಟೇಲಿ ಬಂದು ಸರದಿ ಬರೋ ಹೊತ್ತಿಗೆ ಲೋ ಶುಗರ್ ಆಗಿ ಒದ್ದಾಡ್ತಾರೆ. ಕೈಯಲ್ಲಿ ಇರಬೇಕಾಗಿದ್ದು ಹೆಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟ್, ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್), ಹಿಮೋಗ್ಲೋಬಿನ್, ಕೊಲೆಸ್ಟ್ರಾಲ್, ಮತ್ತೆ ತಗೊಳೋ ಎಲ್ಲಾ ಮಾತ್ರೆಗಳ ಸ್ಟ್ರಿಪ್. ಕಣ್ಣಿಗೂ ಕಿಡ್ನಿಗೂ ಏನು ಸಂಬಂಧ ಅಂತ ಕೇಳ್ತಾರೆ, ಸಂಬಂಧ ಇದೆ, ಕಿಡ್ನಿ ಸರಿಯಾಗಿ ಕೆಲಸ ಮಾಡದೆ ಮೈಯಲ್ಲಿ ನೀರು ನಿಂತ್ರೆ ಮ್ಯಾಕುಲಾ ಊತನೂ ಜಾಸ್ತಿ ಆಗಬಹುದು, ರಕ್ತ ಕಮ್ಮಿ ಇದ್ರೂ ರೆಟಿನಾಗೆ ತೊಂದ್ರೆ. ಸ್ಟ್ರಿಪ್ ಯಾಕೆ ಅಂದ್ರೆ ಶುಗರ್‌ಗೆ ಕೊಡೋ ಕಾಂಬಿನೇಶನ್ ಮಾತ್ರೆಗಳಲ್ಲಿ ಪಿಯೋಗ್ಲಿಟಜೋನ್ ಅನ್ನೋದು ಸೇರಿರೋದುಂಟು, ಅದು ಮೈಯಲ್ಲಿ ನೀರು ಹಿಡಿಸತ್ತೆ, ಕೆಲವರಿಗೆ ಮ್ಯಾಕುಲಾದಲ್ಲೂ ಊತ ತರಬಹುದು. ಹಾಗಂತ ನೀವಾಗೇ ನಿಲ್ಲಿಸ್ಬೇಡಿ, ಕಣ್ಣಿನ ಡಾಕ್ಟರಿಗೂ ಶುಗರ್ ಡಾಕ್ಟರಿಗೂ ಇಬ್ಬರಿಗೂ ತೋರಿಸಿ.

ದೊಡ್ಡ ಆಸ್ಪತ್ರೆ ದೂರ ಇದ್ರೆ ಹತ್ತಿರದಲ್ಲಿ ಕ್ಯಾಮೆರಾ ಇಟ್ಟು ರೆಟಿನಾ ಫೋಟೋ ತೆಗೆಯೋ ಕ್ಯಾಂಪ್ ಇದೆಯಾ ನೋಡಿ, ಅದು ಸ್ಕ್ರೀನಿಂಗ್‌ಗೆ ಸಾಕು. ಫೋಟೋದಲ್ಲಿ ಏನು ಗೊತ್ತಾಗತ್ತೆ ಅಂತ ಅನುಮಾನ ಪಡ್ಬೇಡಿ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ರೆಟಿನಾ ನೋಡೋಕೆ ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ 2008ರಲ್ಲಿ ಶುರುವಾದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ, ತರಬೇತಿ ಪಡೆದ ಟೆಕ್ನಿಷಿಯನ್‌ಗಳೇ ಜಿಲ್ಲಾ ಮಟ್ಟದ ಮಕ್ಕಳ ಐಸಿಯುಗಳಿಗೆ ಕ್ಯಾಮೆರಾ ಹೊತ್ಕೊಂಡು ಹೋಗಿ ಫೋಟೋ ತೆಗೆದು, ಬೆಂಗಳೂರಲ್ಲಿ ಕೂತ ಡಾಕ್ಟರ್ ಅದನ್ನ ನೋಡಿ ಹೇಳೋ ಪದ್ಧತಿ ತಂದ್ರು, ಅಷ್ಟು ಸಣ್ಣ ಕೂಸಿನ ಕಣ್ಣಲ್ಲೇ ಅದು ಸಾಧ್ಯ ಆಗಿದೆ. (ನಿಮ್ಮ ಮನೇಲಿ 2 ಕೆಜಿಗಿಂತ ಕಮ್ಮಿ ತೂಕದ್ದು ಅಥವಾ 34 ವಾರಕ್ಕೆ ಮೊದಲೇ ಹುಟ್ಟಿದ ಮಗು ಇದ್ರೆ 30 ದಿನದೊಳಗೆ ರೆಟಿನಾ ತೋರಿಸಲೇಬೇಕು, ಇದನ್ನ ಮಾತ್ರ ದಯವಿಟ್ಟು ಮುಂದಕ್ಕೆ ಹಾಕ್ಬೇಡಿ.)

ಈಗ ಎಐ ಕೂಡ ಬಂದಿದೆ. 2016ರಲ್ಲಿ ಗೂಗಲ್‌ನವರು ಜಾಮಾ ಅನ್ನೋ ವೈದ್ಯಕೀಯ ಪತ್ರಿಕೇಲಿ ಒಂದು ಲೇಖನ ಹಾಕಿದ್ರು, 1,28,175 ರೆಟಿನಾ ಫೋಟೋ ಕೊಟ್ಟು ಕಂಪ್ಯೂಟರ್‌ಗೆ ರೆಟಿನೋಪತಿ ಗುರುತಿಸೋದು ಕಲಿಸಿದ್ರು, ಆ ಫೋಟೋಗಳು ಬಂದಿದ್ದು ಅಮೆರಿಕದಿಂದ ಮತ್ತೆ ನಮ್ಮ ದೇಶದ ಮೂರು ಕಣ್ಣಾಸ್ಪತ್ರೆಗಳಿಂದ: ಅರವಿಂದ್, ಶಂಕರ ನೇತ್ರಾಲಯ, ನಾರಾಯಣ ನೇತ್ರಾಲಯ. 2018ರಲ್ಲಿ ಅಮೆರಿಕದ ಔಷಧಿ, ಉಪಕರಣ ನೋಡ್ಕೊಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ, ಡಾಕ್ಟರ್ ನೋಡದೇನೂ ರಿಸಲ್ಟ್ ಕೊಡೋ ಇಂಥ ಮೊದಲ ಸಿಸ್ಟಮ್‌ಗೆ ಒಪ್ಪಿಗೆ ಕೊಡ್ತು. ನನ್ನ ಪ್ರಕಾರ ಇದು ಒಳ್ಳೇದೇ, ಊರಿಗೊಬ್ಬ ರೆಟಿನಾ ಡಾಕ್ಟರ್ ಸಿಗೋ ಕಾಲ ಹತ್ರದಲ್ಲಿಲ್ಲ. ಆದ್ರೆ ಎರಡು ವಿಷಯ ನೆನಪಿಟ್ಕೊಳ್ಳಿ. ಪೊರೆ ಇದ್ದು ಫೋಟೋ ಮಸುಕಾಗಿ ಬಂದು "ಓದೋಕೆ ಆಗಲಿಲ್ಲ" ಅಂತ ಬಂದ್ರೆ ಅದು ನಾರ್ಮಲ್ ಅಂತ ಅರ್ಥ ಅಲ್ಲ, ಆಸ್ಪತ್ರೆಗೆ ಹೋಗ್ಲೇಬೇಕು. ಇನ್ನೊಂದು, ಶುಗರ್ ರೆಟಿನೋಪತಿ ಹುಡುಕೋಕೆ ಕಲಿಸಿದ ಮಷಿನ್ ಅದನ್ನಷ್ಟೇ ಹುಡುಕತ್ತೆ, ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ಕಾಯಿಲೆ) ಇಲ್ಲ ಅಂತ ಅದು ಹೇಳ್ತಿಲ್ಲ.

ರಿಪೋರ್ಟ್ ಕೈಗೆ ಬಂದಾಗ ಮೊದಲು ಎರಡು ವಿಷಯ ಬೇರೆಬೇರೆಯಾಗಿ ನೋಡಿ. ಒಂದು ರೆಟಿನೋಪತಿ ಯಾವ ಹಂತ, ಇನ್ನೊಂದು ಮ್ಯಾಕುಲಾದಲ್ಲಿ ಊತ ಇದೆಯಾ ಇಲ್ವಾ. ಎರಡೂ ಒಟ್ಟಿಗೇ ಇರ್ಬೇಕು ಅಂತೇನಿಲ್ಲ, ರೆಟಿನೋಪತಿ ಮಧ್ಯಮ ಹಂತದಲ್ಲಿದ್ದೂ ಊತ ಜೋರಾಗಿರಬಹುದು, ರೆಟಿನೋಪತಿ ತುಂಬಾ ಮುಂದುವರಿದಿದ್ದೂ ಊತ ಇಲ್ದೆ 6/6, ಅಂದ್ರೆ ನಾರ್ಮಲ್ ದೃಷ್ಟಿ, ಕಾಣ್ತಿರಬಹುದು, ಈ ಎರಡನೇ ಥರದೋರೇ ಜಾಸ್ತಿ ಮೋಸ ಹೋಗೋದು. ಎನ್‌ಪಿಡಿಆರ್ ಅಂತ ಬರೆದಿದ್ರೆ ಹೊಸ ರಕ್ತನಾಳ ಇನ್ನೂ ಬೆಳೆದಿಲ್ಲ ಅಂತ, ಅದರಲ್ಲೇ ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಮೂರು. ಪಿಡಿಆರ್ ಅಂದ್ರೆ ಆಕ್ಸಿಜನ್ ಸಾಲದೆ ರೆಟಿನಾ ಮೇಲೆ ದುರ್ಬಲ ಹೊಸ ನಾಳಗಳು ಬೆಳೆದಿವೆ, ಅವು ಒಡೆದು ಕಣ್ಣೊಳಗೆ ರಕ್ತ ಆಗಬಹುದು, ಗಾಯದ ಕಲೆ ಥರ ಗಟ್ಟಿಯಾಗಿ ರೆಟಿನಾನ ಎಳೆದು ಕಿತ್ತು ಬಿಡಬಹುದು. ಮೈಲ್ಡ್ ಆದ್ರೆ ಸಾಮಾನ್ಯವಾಗಿ ವರ್ಷಕ್ಕೊಂದ್ಸಲ ಸಾಕು, ಮಾಡರೇಟ್‌ಗೆ ಆರು ತಿಂಗಳಿಂದ ವರ್ಷ, ಸಿವಿಯರ್ ಅಂದ್ರೆ ಮೂರು ತಿಂಗಳೊಳಗೆ, ಪಿಡಿಆರ್ ಅಂದ್ರೆ ತಿಂಗಳು ಕಾಯೋದು ಬೇಡ. ಡಿಎಂಇ ಅಂತ ಇದ್ರೆ ಅದೇ ಮ್ಯಾಕುಲಾ ಊತ.

ಊತ ಅಳೆಯೋದು ಓಸಿಟಿ ಸ್ಕ್ಯಾನ್‌ನಲ್ಲಿ. 1991ರಲ್ಲಿ ಅಮೆರಿಕದ ಎಂಐಟಿ ಸುತ್ತಮುತ್ತ ಕೆಲಸ ಮಾಡ್ತಿದ್ದ ತಂಡ ಇದನ್ನ ಮೊದಲ ಸಲ ಪ್ರಕಟಿಸಿತು, ಅದಕ್ಕೂ ಮುಂಚೆ ಡಾಕ್ಟರ್ ಲೆನ್ಸ್ ಹಿಡಿದು ಊತ ಇದೆ ಅಂತ ಕಣ್ಣಂದಾಜಲ್ಲಿ ಹೇಳ್ಬೇಕಿತ್ತು. ಓಸಿಟಿಯಲ್ಲಿ ಏನೂ ಮುಟ್ಟಲ್ಲ, ಗಲ್ಲ ಇಟ್ಟು ಒಳಗೆ ಕಾಣೋ ಗುರುತು ನೋಡ್ತಾ ಇದ್ರೆ ಸಾಕು, ಬೆಳಕಿನಿಂದಲೇ ರೆಟಿನಾದ ಪದರ ಪದರ ಕಾಣತ್ತೆ. ರಿಪೋರ್ಟ್‌ನಲ್ಲಿ ಬಣ್ಣಬಣ್ಣದ ವೃತ್ತದ ನಡುವೆ ಇರೋ ಅಂಕಿ ಮಧ್ಯಭಾಗದ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ಅದು ಮಷಿನ್‌ನಿಂದ ಮಷಿನ್‌ಗೆ ಬದಲಾಗತ್ತೆ, ಅದಕ್ಕೇ ಆದಷ್ಟು ಒಂದೇ ಕಡೆ ಸ್ಕ್ಯಾನ್ ಮಾಡಿಸಿ, ಹೋದ ಸಲದ ಪ್ರಿಂಟ್ ಬಿಸಾಡ್ಬೇಡಿ, ಆಸ್ಪತ್ರೆ ಬದಲಾಯಿಸಿದ್ರೂ ಜೊತೆಗೆ ಒಯ್ಯಿರಿ. ಒಂದು ಅಂಕಿಗಿಂತ ಅದು ಏರ್ತಿದೆಯೋ ಇಳೀತಿದೆಯೋ ಅನ್ನೋದೇ ಮುಖ್ಯ.

ಎಫ್‌ಎಫ್‌ಎ ಅಂತ ಬರೆದ್ರೆ ಕೈಗೆ ಡೈ ಇಂಜೆಕ್ಷನ್ ಕೊಟ್ಟು ಫೋಟೋ ತೆಗೆಯೋದು. ಯಾವ ನಾಳ ಸೋರ್ತಿದೆ, ಯಾವ ಜಾಗಕ್ಕೆ ರಕ್ತ ಹೋಗ್ತಿಲ್ಲ ಅಂತ ಗೊತ್ತಾಗತ್ತೆ. ಮೈ ಸ್ವಲ್ಪ ಹಳದಿ, ಮೂತ್ರ ಕಡು ಹಳದಿ ಒಂದು ದಿನ ಇರತ್ತೆ, ಹೆದರ್ಬೇಡಿ. ಕೆಲವರಿಗೆ ವಾಕರಿಕೆ. ಅಲರ್ಜಿ, ಅಸ್ತಮಾ, ಕಿಡ್ನಿ ತೊಂದರೆ, ಬಸುರಿ, ಇದೆಲ್ಲ ಮೊದಲೇ ಹೇಳಿ.

ಇನ್ನು ಟ್ರೀಟ್‌ಮೆಂಟ್. ಎಲ್ಲಕ್ಕಿಂತ ಮೊದಲನೇದು ಶುಗರ್ ಬಿಪಿ, ಇದು ಡಾಕ್ಟರ್‌ಗಳು ಅಭ್ಯಾಸಬಲದಿಂದ ಹೇಳೋ ಮಾತು ಅಂದ್ಕೊಳ್ಬೇಡಿ. 1993ರ ಡಿಸಿಸಿಟಿ ಅಧ್ಯಯನದಲ್ಲಿ ಟೈಪ್ 1 ಇರೋ 1,441 ಜನರನ್ನ ವರ್ಷಗಟ್ಟಲೆ ನೋಡಿದ್ರು, ಶುಗರ್ ಬಿಗಿಯಾಗಿ ಇಟ್ಟವರಲ್ಲಿ ಹೊಸದಾಗಿ ರೆಟಿನೋಪತಿ ಬರೋದು 76% ಕಮ್ಮಿ ಆಯ್ತು. 1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಟೈಪ್ 2 ಇರೋರ ಬಿಪಿ ಬಿಗಿ ಮಾಡಿದಾಗ ರೆಟಿನೋಪತಿ ಮುಂದುವರಿಯೋದು 34% ಇಳೀತು. ಅಂದ್ರೆ ಬಿಪಿ ಮಾತ್ರೆ ಕಣ್ಣಿನ ಮಾತ್ರೆನೂ ಹೌದು. ಹಾಗಂತ ವರ್ಷಗಟ್ಟಲೆ 11-12 ಇದ್ದ ಹೆಚ್‌ಬಿಎ1ಸಿನ ಎರಡು ತಿಂಗಳಲ್ಲಿ ಸರ್ರನೆ ಇಳಿಸಿದ್ರೆ ಮೊದಲೇ ಇದ್ದ ರೆಟಿನೋಪತಿ ಸ್ವಲ್ಪ ಕಾಲ ಕೆರಳಬಹುದು, 2016ರಲ್ಲಿ ಸೆಮಾಗ್ಲುಟೈಡ್ (ಶುಗರ್‌ಗೂ ತೂಕ ಇಳಿಸೋಕೂ ಕೊಡೋ ಇಂಜೆಕ್ಷನ್) ಮೇಲಿನ ದೊಡ್ಡ ಟ್ರಯಲ್‌ನಲ್ಲೂ ರೆಟಿನೋಪತಿ ತೊಂದರೆಗಳು ಜಾಸ್ತಿ ಕಂಡ್ವು. ಹೊಸದಾಗಿ ಇನ್ಸುಲಿನ್ ಅಥವಾ ತೂಕ ಇಳಿಸೋ ಆ ಇಂಜೆಕ್ಷನ್ ಶುರು ಮಾಡೋ ಮುಂಚೆ ರೆಟಿನಾ ಒಂದ್ಸಲ ತೋರಿಸ್ಕೊಳ್ಳಿ. ಫೆನೋಫೈಬ್ರೇಟ್ ಅನ್ನೋ ಹಳೇ ಕೊಬ್ಬಿನ ಮಾತ್ರೆ ಬಗ್ಗೆನೂ ಕೇಳಿ ನೋಡಿ. 2024ರಲ್ಲಿ ಸ್ಕಾಟ್ಲೆಂಡ್‌ನ ಲೆನ್ಸ್ ಟ್ರಯಲ್‌ನಲ್ಲಿ, ಆರಂಭದ ರೆಟಿನೋಪತಿ ಇದ್ದೋರಲ್ಲಿ ಅದು ಮುಂದುವರಿಯೋದನ್ನ 27% ಕಮ್ಮಿ ಮಾಡಿತು. ಕಿಡ್ನಿ ನೋಡ್ಕೊಂಡು ಕೊಡಬೇಕಾದ ಮಾತ್ರೆ, ಆದ್ರಿಂದ ಡಾಕ್ಟರನ್ನ ಕೇಳಿ, ಮೆಡಿಕಲ್ ಶಾಪಲ್ಲಿ ಅಲ್ಲ.

ಲೇಸರ್ ಅಂದ್ರೆ ನಮ್ಮ ಜನಕ್ಕೆ ಭಯ, "ಲೇಸರ್ ಮಾಡಿಸಿದ್ಮೇಲೇ ಅವರ ಕಣ್ಣು ಹೋಗಿದ್ದು" ಅಂತ ಯಾರೋ ಹೇಳಿರ್ತಾರೆ. ಪಿಡಿಆರ್‌ಗೆ ಮಾಡೋ ಲೇಸರ್ ಹೋದ ದೃಷ್ಟಿ ತರಲ್ಲ, ಮುಂದೆ ಹೋಗೋದನ್ನ ತಡೀತದೆ. 1976ರಲ್ಲೇ ಅಮೆರಿಕದ ಡಯಾಬಿಟಿಕ್ ರೆಟಿನೋಪತಿ ಸ್ಟಡಿಯಲ್ಲಿ ಇದರಿಂದ ಗಂಭೀರ ದೃಷ್ಟಿನಾಶ ಅರ್ಧಕ್ಕಿಂತ ಕೆಳಗೆ ಇಳಿಯತ್ತೆ ಅಂತ ಸಾಬೀತಾಯ್ತು, ಇವತ್ತಿಗೂ ಆ ಮಾತು ನಿಂತಿದೆ. ನೀರು ಸಾಲದ ತೋಟದಲ್ಲಿ ಅಂಚಿನ ಸಾಲು ಬಿಟ್ಟು ನಡುವಿನ ಗಿಡ ಉಳಿಸ್ಕೊಳ್ತಾರಲ್ಲ ಹಾಗೆ, ಅಂಚಿನ ರೆಟಿನಾಗೆ ಸಾವಿರಕ್ಕೂ ಹೆಚ್ಚು ಚುಕ್ಕೆ ಲೇಸರ್ ಹೊಡೆದು ಅದರ ಆಕ್ಸಿಜನ್ ಬೇಡಿಕೆ ಇಳಿಸಿದ್ರೆ ಹೊಸ ನಾಳ ಒಣಗತ್ತೆ. ಬದಲಿಗೆ ರಾತ್ರಿ ಕಾಣೋದು, ಪಕ್ಕದ ನೋಟ ಸ್ವಲ್ಪ ಕಮ್ಮಿ ಆಗಬಹುದು. ನೋವೂ ಸ್ವಲ್ಪ ಇರತ್ತೆ.

ಇಂಜೆಕ್ಷನ್ ಹೌದು, ಕಣ್ಣೊಳಗೇ ಕೊಡೋದು. ಸೋರೋಕೆ, ಹೊಸ ನಾಳ ಬೆಳೆಯೋಕೆ ಕಾರಣ ಆಗೋ ವಿಇಜಿಎಫ್ ಅನ್ನೋ ಪ್ರೋಟೀನ್‌ನ ಅದು ತಡೆಯತ್ತೆ. ಮರಗಟ್ಟೋ ಡ್ರಾಪ್ಸ್ ಹಾಕಿ, ಪೊವಿಡೋನ್ ಅಯೋಡಿನ್ ಇಂದ ತೊಳೆದು, ಕರಿಗುಡ್ಡೆ ಅಂಚಿಂದ ಮೂರೂವರೆ ನಾಲ್ಕು ಮಿಲಿಮೀಟರ್ ದೂರದಲ್ಲಿ ಬಿಳಿಭಾಗಕ್ಕೆ ಸಣ್ಣ ಸೂಜಿ, ಕೆಲವೇ ಸೆಕೆಂಡು. ಮಾರನೇ ದಿನ ಬಿಳಿಭಾಗದಲ್ಲಿ ಕೆಂಪು ಮಚ್ಚೆ ಕಂಡ್ರೆ ತಾನೇ ಹೋಗತ್ತೆ. ಆದ್ರೆ ಒಂದು ವಾರದೊಳಗೆ ನೋವು ಜಾಸ್ತಿ ಆಗ್ತಾ ಹೋಗಿ, ಕಣ್ಣು ಕೆಂಪಾಗಿ ದೃಷ್ಟಿ ಮಂಕಾದ್ರೆ ಸೋಂಕು ಇರಬಹುದು, ಅಪರೂಪ ಆದ್ರೂ ಕಣ್ಣೇ ತೆಗೆಯೋವಂಥದ್ದು, ಭಾನುವಾರ ಆದ್ರೂ ಅದೇ ದಿನ ಹೋಗಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿದ್ರೆ ಇಂಜೆಕ್ಷನ್‌ಗೆ ಮುಂಚೆನೇ ಹೇಳಿ.

ಯಾವ ಇಂಜೆಕ್ಷನ್ ಅನ್ನೋದರಲ್ಲಿ ದುಡ್ಡಿನ ಪ್ರಶ್ನೆ ದೊಡ್ಡದು, ಮುಚ್ಚಿಟ್ಕೊಳ್ಬೇಡಿ. ಅವಾಸ್ಟಿನ್ ಅಂತ ಕರೆಯೋ ಬೆವಾಸಿಜುಮ್ಯಾಬ್ ಮೂಲತಃ ಕ್ಯಾನ್ಸರ್ ಔಷಧಿ, ಕಣ್ಣಿಗೆ ಬಳಸೋದು ಲೇಬಲ್‌ನಲ್ಲಿ ಇಲ್ಲದ ಬಳಕೆ, ಬೆಲೆ ತುಂಬಾ ಕಮ್ಮಿ. ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಕಣ್ಣಿಗಂತಲೇ ಮಾಡಿದ್ದು, ರಾನಿಬಿಜುಮ್ಯಾಬ್‌ನ ನಮ್ಮ ದೇಶದಲ್ಲೇ ತಯಾರಾದ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲೋ ಇನ್ನೊಂದು ಕಂಪನಿಯದ್ದು) ಕೂಡ ಸಿಗತ್ತೆ. 2015ರ ಪ್ರೋಟೊಕಾಲ್ ಟಿ ಅನ್ನೋ ಅಧ್ಯಯನ ಮ್ಯಾಕುಲಾ ಊತಕ್ಕೆ ಈ ಮೂರನ್ನೂ 660 ಜನರಲ್ಲಿ ಹೋಲಿಸಿತು. ದೃಷ್ಟಿ 6/12 ಅಥವಾ ಅದಕ್ಕಿಂತ ಚೆನ್ನಾಗಿ ಇದ್ದೋರಲ್ಲಿ ಮೂರೂ ಒಂದೇ ಥರ ಕೆಲಸ ಮಾಡಿದ್ವು, ಅದಕ್ಕಿಂತ ಕೆಟ್ಟಿದ್ದೋರಲ್ಲಿ ಮೊದಲ ವರ್ಷ ಅಫ್ಲಿಬರ್ಸೆಪ್ಟ್ ಮುಂದಿತ್ತು. ಆಮೇಲೆ 2022ರಲ್ಲಿ ಇನ್ನೊಂದು ಟ್ರಯಲ್, ಮೊದಲು ಬೆವಾಸಿಜುಮ್ಯಾಬ್ ಕೊಟ್ಟು ಸಾಲದೆ ಹೋದ್ರೆ ಮಾತ್ರ ಅಫ್ಲಿಬರ್ಸೆಪ್ಟ್‌ಗೆ ಬದಲಾಯಿಸಿದ್ರೂ ಎರಡು ವರ್ಷದ ಕೊನೆಗೆ ದೃಷ್ಟೀಲಿ ಹೇಳ್ಕೊಳೋ ವ್ಯತ್ಯಾಸ ಬರಲಿಲ್ಲ. ಆದ್ರಿಂದ "ಮೊದಲು ಕಮ್ಮಿ ಬೆಲೆಯದ್ದರಿಂದ ಶುರು ಮಾಡಿ, ಬೇಕಾದ್ರೆ ಬದಲಾಯಿಸಬಹುದಾ ಡಾಕ್ಟ್ರೇ" ಅಂತ ಕೇಳೋದು ಜುಗ್ಗತನ ಅಲ್ಲ, ಅದಕ್ಕೆ ರಿಸರ್ಚ್ ಬೆಂಬಲ ಇದೆ. ಒಂದೇ ದುಬಾರಿ ಇಂಜೆಕ್ಷನ್‌ಗೆ ಸಾಲ ಮಾಡಿ ಎರಡನೇದಕ್ಕೆ ಬರದೇ ಇರೋರನ್ನ ನೋಡಿ ನೋಡಿ ಹೇಳ್ತಿದ್ದೀನಿ. ಆ ಅಧ್ಯಯನಗಳಲ್ಲಿ ಮೊದಲ ವರ್ಷ ಸುಮಾರು 9-10, ಎರಡನೇ ವರ್ಷ 5-6 ಇಂಜೆಕ್ಷನ್ ಬೇಕಾಯ್ತು, ಒಂದಲ್ಲ. ನಾಲ್ಕು ಐದನೇ ವರ್ಷಕ್ಕೆ ಅರ್ಧಕ್ಕರ್ಧ ಕಣ್ಣುಗಳಿಗೆ ಬೇಕಾಗೋದೇ ಇಲ್ಲ ಅಂತ ಇನ್ನೊಂದು ಅಧ್ಯಯನ ತೋರಿಸಿದೆ, ಹಾಗಾಗಿ ಜೀವನಪೂರ್ತಿ ಅಂತ ಕಂಗಾಲಾಗೋದೂ ಬೇಡ. ಮತ್ತೆ ಊತ ಇದ್ದೂ ದೃಷ್ಟಿ ಹೆಚ್ಚುಕಮ್ಮಿ 6/6 ಇದ್ರೆ "ಈಗ ಕಾದು ನೋಡಬಹುದಾ" ಅಂತನೂ ಕೇಳಿ, 2019ರಲ್ಲಿ 702 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದಾಗ, ತಪ್ಪದೆ ಚೆಕಪ್‌ಗೆ ಬಂದು ದೃಷ್ಟಿ ಇಳಿದಾಗ ಮಾತ್ರ ಇಂಜೆಕ್ಷನ್ ತಗೊಂಡೋರೂ ಮೊದಲೇ ತಗೊಂಡೋರೂ ಎರಡು ವರ್ಷದ ನಂತರ ಒಂದೇ ಮಟ್ಟದಲ್ಲಿದ್ರು.

ಇಲ್ಲಿ ನಾನು ತುಂಬಾ ಒತ್ತಿ ಹೇಳ್ಬೇಕಾಗಿರೋದು ಒಂದಿದೆ. ಪಿಡಿಆರ್‌ಗೆ ಲೇಸರ್ ಬದಲು ಇಂಜೆಕ್ಷನ್ ಕೊಟ್ರೂ ಆಗತ್ತೆ ಅಂತ 2015ರ ಪ್ರೋಟೊಕಾಲ್ ಎಸ್ ಅನ್ನೋ ಅಧ್ಯಯನ ಹೇಳಿತು, ಅಂಚಿನ ನೋಟನೂ ಉಳಿಯತ್ತೆ, ಕೇಳೋಕೆ ಇದೇ ಚೆನ್ನ. ಆದ್ರೆ ಆ ಜನ ಕರೆದಾಗೆಲ್ಲ ಬರ್ತಿದ್ರು. 2019ರಲ್ಲಿ ಅಮೆರಿಕದಲ್ಲೇ, ಆರು ತಿಂಗಳಿಗಿಂತ ಹೆಚ್ಚು ಕಾಲ ಆಸ್ಪತ್ರೆ ಕಡೆ ತಲೆ ಹಾಕದೆ ಇದ್ದು ವಾಪಸ್ ಬಂದೋರನ್ನ ನೋಡಿದಾಗ, ಬರೀ ಇಂಜೆಕ್ಷನ್ ತಗೊಂಡು ಬಿಟ್ಟೋರ ಕಣ್ಣು ಲೇಸರ್ ಮಾಡಿಸ್ಕೊಂಡು ಬಿಟ್ಟೋರ ಕಣ್ಣಿಗಿಂತ ಜಾಸ್ತಿ ಹಾಳಾಗಿತ್ತು, ರೆಟಿನಾ ಎಳೆದು ಕಿತ್ತು ಬಂದಿದ್ದೂ ಅವರಲ್ಲೇ ಹೆಚ್ಚು. ಇಂಜೆಕ್ಷನ್ ಪರಿಣಾಮ ವಾರಗಳ ಲೆಕ್ಕ, ಲೇಸರ್‌ದು ಉಳಿಯತ್ತೆ. ನೀವು ಯಾದಗಿರಿ ಕಡೆಯ ಹಳ್ಳಿಯಿಂದ ಬಸ್ ಹತ್ತಿ ಬರಬೇಕಾದೋರು, ಜೊತೆಗೆ ಬರೋಕೆ ಮಗನಿಗೆ ರಜೆ ಸಿಗಲ್ಲ, ಬಿತ್ತನೆ ಟೈಮಲ್ಲಿ ಎರಡು ತಿಂಗಳು ಅಲ್ಲಾಡೋಕಾಗಲ್ಲ ಅಂದ್ರೆ ಅದನ್ನ ಡಾಕ್ಟರಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿ. "ತಿಂಗಳು ತಿಂಗಳು ಬರೋಕೆ ನನಗೆ ಆಗಲ್ಲ, ಲೇಸರ್ ಮಾಡಿಬಿಡಿ" ಅನ್ನೋದು ನಿಮ್ಮ ಕಾಯಿಲೆ ವಿವರದಷ್ಟೇ ಮುಖ್ಯವಾದ ವಿವರ. ಬರ್ತೀನಿ ಅಂತ ತಲೆಯಾಡಿಸಿ ಬರದೇ ಇರೋದರಿಂದಲೇ ನಮ್ಮಲ್ಲಿ ಕಣ್ಣು ಹೋಗ್ತಿರೋದು.

ಮನೇಲಿ ಒಂದು ಅಭ್ಯಾಸ ಮಾಡ್ಕೊಳ್ಳಿ, ದಿನಾ ಬೆಳಿಗ್ಗೆ ಗೋಡೆ ಕ್ಯಾಲೆಂಡರ್ ಮುಂದೆ ನಿಂತು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿ, ಆಮೇಲೆ ಬದಲಾಯಿಸಿ. ತಾರೀಖಿನ ಚೌಕಗಳ ಗೆರೆ ಸೊಟ್ಟ ಕಂಡ್ರೆ, ನಡುವೆ ಅಂಕಿ ಮಾಯ ಆದ್ರೆ ಆ ವಾರವೇ ತೋರಿಸಿ. ಇದ್ದಕ್ಕಿದ್ದ ಹಾಗೆ ಕಪ್ಪು ಚುಕ್ಕೆಗಳ ಮಳೆ, ಮಿಂಚು, ಒಂದು ಕಡೆಯಿಂದ ಪರದೆ ಇಳಿದ ಹಾಗೆ ಆದ್ರೆ ಅದೇ ದಿನ. ವಿಟ್ರೆಕ್ಟಮಿ (ಕಣ್ಣೊಳಗಿನ ಜೆಲ್ಲಿಯಂಥ ದ್ರವ ತೆಗೆಯೋ) ಆಪರೇಷನ್ ಆಗಿ ಕಣ್ಣೊಳಗೆ ಗ್ಯಾಸ್ ಹಾಕಿದ್ರೆ ಅದು ಕರಗೋವರೆಗೂ ವಿಮಾನ ಹತ್ತಬಾರದು, ಬೇರೆ ಆಪರೇಷನ್ ಏನಾದ್ರೂ ಬಂದ್ರೆ ಅರಿವಳಿಕೆ ಡಾಕ್ಟರಿಗೂ ಹೇಳಬೇಕು.

ಕೊನೇದಾಗಿ ಟ್ರಯಲ್‌ಗಳ ವಿಷಯ. ಸ್ಟೆಮ್ ಸೆಲ್ ಹಾಕಿ ರೆಟಿನಾ ಸರಿ ಮಾಡ್ತೀವಿ ಅಂತ ವಾಟ್ಸಾಪಲ್ಲಿ ಬಂದ್ರೆ ನಿಲ್ಲಿ. ಫ್ಲಾರಿಡಾದಲ್ಲಿ ಮ್ಯಾಕುಲಾ ಸವೆತ ಇದ್ದ ಮೂವರು ಹೆಂಗಸರು ದುಡ್ಡು ಕಟ್ಟಿ ಅವರದ್ದೇ ಕೊಬ್ಬಿನಿಂದ ತೆಗೆದ ಸೆಲ್‌ಗಳನ್ನ ಎರಡೂ ಕಣ್ಣಿಗೆ ಒಂದೇ ದಿನ ಹಾಕಿಸ್ಕೊಂಡು ದೃಷ್ಟಿ ಕಳ್ಕೊಂಡಿದ್ದು 2017ರಲ್ಲಿ ವೈದ್ಯಕೀಯ ಪತ್ರಿಕೇಲಿ ಬಂತು, ಆ ಪ್ರಯೋಗದ ಹೆಸರು ಟ್ರಯಲ್‌ಗಳನ್ನ ಪಟ್ಟಿ ಮಾಡೋ ಅಮೆರಿಕದ ಸರ್ಕಾರಿ ವೆಬ್‌ಸೈಟ್‌ನಲ್ಲೂ ಇತ್ತು. ಪಟ್ಟಿಯಲ್ಲಿ ಇದೆ ಅನ್ನೋದಷ್ಟೇ ಸಾಲದು. ದುಡ್ಡು ಕೇಳಿದ್ರೆ, ಎರಡೂ ಕಣ್ಣಿಗೆ ಒಟ್ಟಿಗೆ ಅಂದ್ರೆ ಎದ್ದು ಬನ್ನಿ. ನಮ್ಮಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸೋ ಸಿಟಿಆರ್‌ಐ ಅನ್ನೋ ಟ್ರಯಲ್ ನೋಂದಣಿ 2007ರಿಂದ ಇದೆ, ಅದರ ವೆಬ್‌ಸೈಟ್‌ನಲ್ಲಿ ಯಾರು ಬೇಕಾದ್ರೂ ಹುಡುಕಬಹುದು, ಯಾವ ಆಸ್ಪತ್ರೆ, ಎಥಿಕ್ಸ್ ಕಮಿಟಿ ಒಪ್ಪಿಗೆ ಆಗಿದೆಯಾ, ದುಡ್ಡು ಯಾರು ಹಾಕ್ತಿದ್ದಾರೆ ಎಲ್ಲಾ ಅಲ್ಲಿ ಇರತ್ತೆ. ಒಳ್ಳೇ ಟ್ರಯಲ್ ಅಂದ್ರೆ ಸೇರಿ, ನಾನು ಬೇಡ ಅನ್ನಲ್ಲ, ಮೇಲೆ ಹೇಳಿದ ಅಷ್ಟೂ ವಿಷಯ ನಮಗೆ ಗೊತ್ತಾಗಿದ್ದು ಯಾರೋ ಪುಣ್ಯಾತ್ಮರು ಸೇರ್ಕೊಂಡಿದ್ದಕ್ಕೆ. ಸೇರೋ ಮುಂಚೆ ಒಪ್ಪಿಗೆ ಪತ್ರ ಕನ್ನಡದಲ್ಲೇ ಕೊಡಿ ಅಂತ ಕೇಳಿ, ಮನೆಗೆ ತಗೊಂಡು ಹೋಗಿ ಮಕ್ಕಳ ಹತ್ರ ಓದಿಸಿ. ನನಗೆ ಔಷಧಿ ಸಿಗತ್ತಾ ಅಥವಾ ಹೋಲಿಕೆ ಗುಂಪಲ್ಲಿ ಇರ್ತೀನಾ, ಎಷ್ಟು ಸಲ ಬರಬೇಕು, ಬಸ್ ಚಾರ್ಜ್ ಕೊಡ್ತೀರಾ, ಟ್ರಯಲ್ ಮುಗಿದ್ಮೇಲೆ ಟ್ರೀಟ್‌ಮೆಂಟ್ ಏನು ಅಂತ ಕೇಳಿ. ಟ್ರಯಲ್‌ನಿಂದ ತೊಂದರೆ ಆದ್ರೆ ಚಿಕಿತ್ಸೆ, ಪರಿಹಾರ ಕೊಡ್ಬೇಕು ಅಂತ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲೇ ಇದೆ, ಮತ್ತೆ ಯಾವಾಗ ಬೇಕಾದ್ರೂ ಬಿಟ್ಟು ಬರಬಹುದು, ಬಿಟ್ರೆ ನಿಮ್ಮ ಮಾಮೂಲಿ ಟ್ರೀಟ್‌ಮೆಂಟ್ ನಿಲ್ಲಿಸೋ ಹಾಗಿಲ್ಲ.